ಮಕ್ಕಳ ಜಾಝ್ ಬ್ಯಾಂಡಿಗೆ ಯಾವ ಸೆಟ್ ತರಿಸಬೇಕು? ಒಬ್ಬ ಮ್ಯೂಸಿಕ್ ಮಿಸ್ ಕಂಡ ಹಾಗೆ

ಸ್ಕೂಲಿನಲ್ಲಿ ಜಾಝ್ ಬ್ಯಾಂಡ್ ಶುರು ಮಾಡಿದಾಗಿನಿಂದ ಬೇರೆ ಸ್ಕೂಲಿನ ಟೀಚರುಗಳು ನನಗೆ ಕೇಳುವ ಪ್ರಶ್ನೆ ಒಂದೇ. "ಮೇಡಂ, ನೋಟ್ಸ್ ಎಲ್ಲಿಂದ ತರಿಸಿದ್ರಿ, ಯಾವುದು ಮಕ್ಕಳಿಗೆ ಸುಲಭ?" ಫೋನಿನಲ್ಲಿ ಅರ್ಧ ಹೇಳುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡೋಣ ಅಂತ ಕೂತಿದ್ದೇನೆ. ಸೆಟ್ ಅಂದರೆ ಒಂದು ಹಾಡಿಗೆ ವಾದ್ಯಕ್ಕೊಂದರಂತೆ ಬರೆದ ನೋಟ್ಸ್ ಪುಟಗಳ ಕಟ್ಟು.

ನಮ್ಮದು ಬೆಂಗಳೂರಿನ ಬನಶಂಕರಿ ಕಡೆಯ ಸ್ಕೂಲು. ಬ್ಯಾಂಡಿನಲ್ಲಿರುವವರು ಆರರಿಂದ ಒಂಬತ್ತನೇ ಕ್ಲಾಸಿನ ಮಕ್ಕಳು. ಆಲ್ಟೊ ಸ್ಯಾಕ್ಸ್ ಎರಡು, ಟೆನರ್ ಒಂದು, ಟ್ರಂಪೆಟ್ ಎರಡು, ಕ್ಲಾರಿನೆಟ್ ಒಂದು, ಪಿಟೀಲು ಎರಡು, ಆಮೇಲೆ ಕೀಬೋರ್ಡ್, ಗಿಟಾರ್, ಬೇಸ್, ಡ್ರಮ್ಸ್. ಟ್ರಂಪೆಟ್ ಹುಡುಗರಿಬ್ಬರೂ ಮಾರ್ಚಿಂಗ್ ಬ್ಯಾಂಡಿನಿಂದ ಬಂದವರು. ಟ್ರೊಂಬೋನ್ ಇಲ್ಲವೇ ಇಲ್ಲ. ನನಗೆ ಗೊತ್ತಿರುವ ಬೇರೆ ಸ್ಕೂಲುಗಳಲ್ಲೂ ಕತೆ ಹೀಗೇ. ಕೀಬೋರ್ಡ್, ಗಿಟಾರ್ ಕಲಿಯುವವರು ಬೇಕಾದಷ್ಟು, ಊದುವವರು ಬೆರಳೆಣಿಕೆ.

ಅಮೆರಿಕದಲ್ಲಿ ಅಚ್ಚಾಗುವ ಸೆಟ್‌ಗಳ ಲೆಕ್ಕವೇ ಬೇರೆ. ಪೂರ್ತಿ ಬಿಗ್ ಬ್ಯಾಂಡ್ ಅಂದರೆ ಐದು ಸ್ಯಾಕ್ಸ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರೊಂಬೋನ್, ಪಿಯಾನೊ, ಗಿಟಾರ್, ಬೇಸ್, ಡ್ರಮ್ಸ್. ಒಟ್ಟು 17 ಜನ. ಮಕ್ಕಳ ಸೆಟ್‌ಗಳೂ ಹೆಚ್ಚುಕಮ್ಮಿ ಇದೇ ಅಚ್ಚಿನಲ್ಲಿ ಬರುತ್ತವೆ. ಪ್ಯಾಕೆಟ್ ಬಿಚ್ಚಿದರೆ ನಮ್ಮಲ್ಲಿ ಇಲ್ಲದ ವಾದ್ಯಗಳ ಪುಟಗಳೇ ಅರ್ಧ. ಆ ಪುಟಗಳಲ್ಲಿ ಇರುವುದು ಬರೀ ಅಲಂಕಾರವಾದರೆ ತೊಂದರೆ ಇಲ್ಲ. ಆದರೆ ಮುಖ್ಯ ಧಾಟಿಯೇ ಎಂಟು ಬಾರ್ (ಒಂದು ಬಾರ್ ಅಂದರೆ ನಾಲ್ಕು ಎಣಿಕೆ) ಟ್ರೊಂಬೋನಿಗೆ ಹೋಗಿದ್ದರೆ? ಅಷ್ಟು ಹೊತ್ತು ಬ್ಯಾಂಡಿನ ಮಧ್ಯೆ ದೊಡ್ಡ ತೂತು.

ಹಾಗಾಗಿ ಕೊಳ್ಳುವ ಮೊದಲು ಪಬ್ಲಿಷರ್ ಸೈಟಿನಲ್ಲಿ ಸ್ಕೋರ್, ಅಂದರೆ ಎಲ್ಲ ವಾದ್ಯಗಳ ಸಾಲು ಒಟ್ಟಿಗೆ ಇರುವ ಪುಟ, ತೆಗೆದು ನೋಡಬೇಕು. ಕೆಲವು ಪುಟಗಳನ್ನಾದರೂ ಅವರು ಸುಮ್ನೆ ತೋರಿಸುತ್ತಾರೆ, ಕೆಲವು ಸಲ ಪೂರ್ತಿ. ನಮ್ಮಲ್ಲಿ ಇಲ್ಲದ ವಾದ್ಯಗಳ ಸಾಲಿನ ಮೇಲೆ ಸ್ಕೇಲ್ ಇಟ್ಟು ಮುಚ್ಚಿ, ಉಳಿದದ್ದನ್ನು ಕೀಬೋರ್ಡಿನಲ್ಲಿ ನುಡಿಸಿ ನೋಡುತ್ತೇನೆ. ಧಾಟಿ ಕೇಳಿಸುತ್ತಾ? ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ತುಂಬಿದ ಹಾಗಿದೆಯಾ? ಎರಡೂ ಹೌದಾದರೆ ಮುಂದಿನ ಮಾತು.

ಆಲ್ಫ್ರೆಡ್ ಕಂಪನಿಯ 'ಫಸ್ಟ್ ಇಯರ್ ಚಾರ್ಟ್ಸ್' ಸರಣಿ, ಹಾಲ್ ಲಿಯೊನಾರ್ಡ್‌ನವರ 'ಡಿಸ್ಕವರಿ ಜಾಝ್' ಸರಣಿ, ಎರಡೂ ಇಂಥ ಎಳೆಯ ಬ್ಯಾಂಡಿಗೆಂದೇ ಬರೆದವು. ನಾನು ಜಾಸ್ತಿ ಬಳಸುವುದೂ ಇವನ್ನೇ. ಕೊಳಲು, ಕ್ಲಾರಿನೆಟ್ ಥರದ ವಾದ್ಯಗಳಿಗೂ ಬೇಕಿದ್ದರೆ ಇರಲಿ ಅಂತ ಪುಟ ಹಾಕಿರುತ್ತಾರೆ. ನಮಗೆ ಉಪಕಾರ ಆಗಿರುವುದು ಕೊಳಲಿನ ಪುಟ. ಪಿಟೀಲಿಗೆ ಅಂತ ಜಾಝ್ ಸೆಟ್‌ನಲ್ಲಿ ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ಸ್ಯಾಕ್ಸ್, ಟ್ರಂಪೆಟ್ ಪುಟದಲ್ಲಿ ಬರೆದ ಸ್ವರ ಒಂದು, ಕೇಳಿಸುವುದು ಇನ್ನೊಂದು. ಕೊಳಲಿನ ಪುಟದಲ್ಲಿ ಸ್ವರ ಇದ್ದ ಹಾಗೇ ಇರುತ್ತದೆ, ಶ್ರುತಿ ಬದಲಿಸುವ ತಲೆನೋವಿಲ್ಲ, ಪಿಟೀಲು ಮಕ್ಕಳು ನೇರ ನುಡಿಸಬಹುದು.

ಆದರೆ ಪಿಟೀಲು, ಗಿಟಾರ್ ಇರುವ ಬ್ಯಾಂಡಿಗೆ ಇನ್ನೊಂದು ಸಂಕಟ ಇದೆ. ಈ ಸೆಟ್‌ಗಳಲ್ಲಿ ಬಹಳಷ್ಟು ಬಿ ಫ್ಲಾಟ್ ಅಥವಾ ಇ ಫ್ಲಾಟ್ ಶ್ರುತಿಯಲ್ಲಿ ಇರುತ್ತವೆ. ಊದುವವರಿಗೆ ಅದೇ ಸುಖ. ಬಿ ಫ್ಲಾಟ್ ಶ್ರುತಿ ಅಂದರೆ ಟ್ರಂಪೆಟ್ ಹುಡುಗನ ಪುಟದಲ್ಲಿ ಸಿ, ಆಲ್ಟೊ ಹುಡುಗಿಯ ಪುಟದಲ್ಲಿ ಜಿ. ಇಬ್ಬರೂ ಮೊದಲ ವರ್ಷ ಕಲಿತಿರುವುದೇ ಆ ಸ್ಕೇಲ್. ಗಿಟಾರ್ ಹುಡುಗನಿಗೆ ಮಾತ್ರ ಬಿ ಫ್ಲಾಟ್ ಅಂದರೆ ಒಂದೇ ಬೆರಳಲ್ಲಿ ಹಲವು ತಂತಿ ಒತ್ತುವ ಬಾರ್ ಕಾರ್ಡ್, ಬೆರಳು ನೋವು. ಸೆಟ್‌ನಲ್ಲಿ ಗಿಟಾರಿಗೆ ಮೂರು ತಂತಿಯ ಸಣ್ಣ ಕಾರ್ಡ್ ಚಿತ್ರ ಬರೆದು ಕೊಟ್ಟಿದ್ದಾರಾ ನೋಡಿ. ಕೊಟ್ಟಿದ್ದರೆ ಬರೆದವರು ಮಕ್ಕಳಿಗೆ ಪಾಠ ಮಾಡಿದವರೇ ಅಂತ ನನಗೆ ಗ್ಯಾರಂಟಿ.

ಗ್ರೇಡ್ ನಂಬರ್ ಬಗ್ಗೆಯೂ ಹೇಳಿಬಿಡುತ್ತೇನೆ. ಕವರ್ ಮೇಲೆ 1, 1.5, 2 ಅಂತ ಹಾಕಿರುತ್ತಾರೆ. ಪಬ್ಲಿಷರ್‌ನಿಂದ ಪಬ್ಲಿಷರ್‌ಗೆ ಇದು ಬೇರೆ. ಸ್ವರ ಎಷ್ಟು ಮೇಲೆ ಹೋಗುತ್ತದೆ, ಲಯ ಎಷ್ಟು ತೊಡಕು ಅನ್ನುವುದನ್ನು ಒಟ್ಟು ಹಾಕಿ ಕೊಟ್ಟ ಅಂಕಿ ಅದು. ಕೂತು ನುಡಿಸುವ ಮಗುವಿಗೆ ಎಷ್ಟು ಉಸಿರು ಬೇಕು ಅನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ. ನಾನು ನೋಡುವುದು ಎರಡೇ. ಟ್ರಂಪೆಟ್ಟಿನ ಪುಟದಲ್ಲಿ ಐದು ಗೆರೆಗಳ ನಡುವಿನ ಅತಿ ಮೇಲಿನ ಮನೆಯ ಇ ಸ್ವರ ದಾಟಿ ಹೋಗಿದೆಯಾ? ಉಸಿರು ತಗೊಳ್ಳೋಕೆ, ತುಟಿ ಇಳಿಸೋಕೆ ನಡುನಡುವೆ ಎರಡು ಬಾರ್ ಬಿಡುವಿದೆಯಾ? ಬಿಡುವಿಲ್ಲದ ಗ್ರೇಡ್ 1ಕ್ಕಿಂತ ಬಿಡುವಿರುವ ಗ್ರೇಡ್ 2 ವಾಸಿ.

ಬೇಡ ಅನ್ನಿಸಿದ ಒಂದು ಸೆಟ್ ಬಗ್ಗೆ ಈಗ. ಹೆಸರು ಬೇಡ. ಮಕ್ಕಳೆಲ್ಲ ಫೋನಿನಲ್ಲಿ ಕೇಳುವ ಇಂಗ್ಲಿಷ್ ಪಾಪ್ ಹಾಡಿನ ಸುಲಭ ರೂಪ. ಡೆಮೊ ರೆಕಾರ್ಡಿಂಗ್ ಕೇಳಿದರೆ ಕುಣಿಯಬೇಕು ಅನ್ನಿಸುತ್ತದೆ. ಕುಣಿಯದೆ ಇರುತ್ತಾ, ನುಡಿಸಿದವರು ಸ್ಟುಡಿಯೊದ ವೃತ್ತಿಪರರು. ನಮ್ಮ ಮಕ್ಕಳ ಕೈಗೆ ಬಂದಾಗ ಬೇರೆಯೇ ಆಯಿತು. ಹಾಡುವವರು ಮಾತಿನ ಓಟಕ್ಕೆ ತಕ್ಕ ಹಾಗೆ ಎಳೆದು ಬಿಟ್ಟದ್ದನ್ನೆಲ್ಲ ಹಾಗೇ ನೋಟೇಶನ್‌ಗೆ ಇಳಿಸಿದ್ದರು. ಪುಟದ ತುಂಬ ಕಾಲು ಎಣಿಕೆಯ ಚಿಕ್ಕ ಸ್ವರ, ಸ್ವರಕ್ಕೆ ಸ್ವರ ಬೆಸೆಯುವ ಟೈ ಗೆರೆ, ಅರ್ಧ ಎಣಿಕೆಯ ಬಿಡುವು. ಹಾಡು ಗೊತ್ತಿದ್ದ ಮಕ್ಕಳು ಕಿವಿಯಿಂದ ನುಡಿಸಿದರು, ಗೊತ್ತಿಲ್ಲದವರು ಪುಟ ನೋಡಿ ನುಡಿಸಿದರು, ಎರಡೂ ಒಂದಕ್ಕೊಂದು ಸೇರಲಿಲ್ಲ. ಮೂರನೇ ಸ್ಯಾಕ್ಸಿಗಂತೂ ಮೊದಲಿನಿಂದ ಕೊನೆಯವರೆಗೆ ಉದ್ದುದ್ದ ಸ್ವರ. ಟೆನರ್ ಹುಡುಗ ಒಂದು ದಿನ ಕೇಳಿಯೇಬಿಟ್ಟ, "ಮಿಸ್, ನಾನು ಇಲ್ಲದಿದ್ರೂ ನಡೆಯತ್ತೆ ಅಲ್ವಾ?"

ಆ ಸೆಟ್ ಬೀರು ಸೇರಿತು. ಅಂದಿನಿಂದ ನಾನು ಮೊದಲು ತೆಗೆದು ನೋಡುವುದು ಮುಂದಾಳು ವಾದ್ಯವಾದ ಲೀಡ್ ಆಲ್ಟೊ ಪುಟ ಅಲ್ಲ, ಬ್ಯಾಂಡಿಗೆ ಅತಿ ಹೊಸದಾಗಿ ಬಂದ ಮಗುವಿನ ಕೈಗೆ ಹೋಗುವ ಪುಟ. ಅದರಲ್ಲಿ ಎಲ್ಲೋ ಒಂದು ಕಡೆ ಆ ಮಗು ನುಡಿಸಿದ್ದು ಎಲ್ಲರಿಗೂ ಕೇಳಿಸುವ ಜಾಗ ಇರಬೇಕು. ಎರಡು ಬಾರ್ ಸಾಕು. ಅದಿಲ್ಲ ಅಂದರೆ ಸೆಟ್ ಎಷ್ಟೇ ಸುಲಭವಾಗಿರಲಿ, ದುಡ್ಡು ದಂಡ.

ಈ ಪರೀಕ್ಷೆಯಲ್ಲಿ ಯಾವಾಗಲೂ ಪಾಸಾಗುವುದು ಬ್ಲೂಸ್. ಅಮೆರಿಕದ ಜಾಝ್ ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ 1942ರಲ್ಲಿ ಧ್ವನಿಮುದ್ರಿಸಿದ 'ಸಿ ಜಾಮ್ ಬ್ಲೂಸ್' ಇದೆಯಲ್ಲ, ಅದರ ಧಾಟಿಯಲ್ಲಿ ಇರುವುದು ಎರಡೇ ಸ್ವರ. ಜಿ ಮತ್ತು ಸಿ. ಪಂಚಮ, ಮೇಲಿನ ಷಡ್ಜ, ಅಷ್ಟೇ. ನಾಲ್ಕು ಬಾರಿನ ಒಂದೇ ಮಾತನ್ನು ಮೂರು ಸಲ ಹೇಳುತ್ತದೆ, ಕೆಳಗೆ ಕಾರ್ಡ್ ಮಾತ್ರ ಬದಲಾಗುತ್ತಾ ಹೋಗುತ್ತದೆ. ಹನ್ನೆರಡು ಬಾರಿಗೆ ಒಂದು ಸುತ್ತು ಮುಗಿಯಿತು. ಮೂಲ ಶ್ರುತಿಯಲ್ಲೇ ನುಡಿಸಿದರೆ ಆಲ್ಟೊ ಕೈಯಲ್ಲಿ ಅದು ಇ ಮತ್ತು ಎ, ಟ್ರಂಪೆಟ್ ಕೈಯಲ್ಲಿ ಎ ಮತ್ತು ಡಿ. ಸ್ಯಾಕ್ಸ್ ಹಿಡಿದು ಒಂದು ಟರ್ಮ್ ಕಳೆದ ಮಗುವೂ ನುಡಿಸಬಹುದು.

ಸ್ವರ ಎರಡೇ ಆದರೂ ಲಯ ಸುಲಭ ಅಲ್ಲ ಅನ್ನುವುದೇ ಇದರ ಮಜಾ. ಮೊದಲ ದಿನ ಎಲ್ಲರೂ ರೈಮ್ಸ್ ಹೇಳಿದ ಹಾಗೆ ನುಡಿಸಿದರು. ಸ್ವಿಂಗ್, ಅಂದರೆ ಜಾಝಿನ ಆ ತೂಗುವ ನಡೆ, ಬರಲಿಲ್ಲ. ಅವತ್ತು ವಾದ್ಯ ಕೆಳಗಿಡಿಸಿ ತಕಿಟ, ತಕಿಟ ಹೇಳಿಸಿದೆ. ಆಮೇಲೆ 'ಕಿ' ಬಾಯಲ್ಲಿ ಹೇಳಬೇಡಿ, ಮನಸ್ಸಿನಲ್ಲಿ ಹೇಳಿಕೊಳ್ಳಿ ಅಂದೆ. ತ...ಟ, ತ...ಟ. ಅರ್ಧ ಎಣಿಕೆಯ ಸ್ವರಗಳ ಜೋಡಿಯಲ್ಲಿ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಮೃದಂಗ ಕ್ಲಾಸಿಗೆ ಹೋಗುವ ಡ್ರಮ್ಸ್ ಹುಡುಗನ ಮುಖ ಅರಳಿತು, "ಮಿಸ್, ಇದು ತಿಶ್ರ!" ಹೌದು, ನಿಧಾನದಲ್ಲಿ ಹೆಚ್ಚುಕಮ್ಮಿ ತಿಶ್ರವೇ, ಮೂರರ ನಡೆ. ವೇಗ ಏರಿದ ಹಾಗೆ ಆ ಎರಡು ಸ್ವರ ಸಮಸಮಕ್ಕೆ ಹತ್ತಿರ ಬರುತ್ತವೆ. ಅದನ್ನು ಲೆಕ್ಕದಲ್ಲಿ ಹೇಳಿಕೊಡಲು ಆಗುವುದಿಲ್ಲ, ಕೇಳಿಯೇ ಹಿಡಿಯಬೇಕು. ಎಲಿಂಗ್ಟನ್ ರೆಕಾರ್ಡಿಂಗ್ ಹಾಕಿ ಕೇಳಿಸಿದೆ. ಸುಲಭ ಸೆಟ್‌ನ ಡೆಮೊ ಕೇಳಿಸುವುದಕ್ಕಿಂತ ಮೂಲ ಕೇಳಿಸುವುದು ಎಷ್ಟೋ ಮೇಲು.

ಚಪ್ಪಾಳೆ ವಿಷಯವೂ ಅಷ್ಟೇ. ನಮಗೆಲ್ಲ ಭಜನೆಯ ಅಭ್ಯಾಸ, ನಾಲ್ಕು ಎಣಿಕೆಯಲ್ಲಿ ಒಂದು ಮೂರಕ್ಕೆ ತಟ್ಟುತ್ತೇವೆ. ಜಾಝಿನಲ್ಲಿ ಎರಡು ನಾಲ್ಕಕ್ಕೆ. ಮಕ್ಕಳು ಬೇಗ ಕಲಿತರು. ಆನ್ಯುವಲ್ ಡೇ ದಿನ ಅಪ್ಪ ಅಮ್ಮಂದಿರು ಉತ್ಸಾಹದಿಂದ ಒಂದು ಮೂರಕ್ಕೆ ತಟ್ಟಿ ಮಕ್ಕಳ ತಾಳ ಕೆಡಿಸಿದ್ದು ಬೇರೆ ಮಾತು.

ಸ್ವಿಂಗ್ ಕಲಿಸಲು ಪುಸ್ತಕ ಬೇಕು ಅನ್ನುವವರಿಗೆ: 'ಎಸೆನ್ಷಿಯಲ್ ಎಲಿಮೆಂಟ್ಸ್ ಫಾರ್ ಜಾಝ್ ಎನ್ಸೆಂಬಲ್'. ಬರೆದವರು ಮೈಕ್ ಸ್ಟೈನೆಲ್, ಪಬ್ಲಿಷರ್ ಹಾಲ್ ಲಿಯೊನಾರ್ಡ್. ವಾದ್ಯಕ್ಕೊಂದು ಪುಸ್ತಕ, ಟೀಚರ್‌ಗೆ ಬೇರೆ. ಎಲ್ಲರೂ ಒಟ್ಟಿಗೆ ಒಂದೇ ಪಾಠ ನುಡಿಸಬಹುದು. ಜಾಝಿನಲ್ಲಿ ಸ್ವರವನ್ನು ಎಲ್ಲಿ ಎಳೆಯಬೇಕು, ಎಲ್ಲಿ ಕತ್ತರಿಸಬೇಕು, ಎಲ್ಲಿ ಒತ್ತಬೇಕು ಅನ್ನುವುದರಿಂದ ಹಿಡಿದು ಮನೋಧರ್ಮದವರೆಗೆ (ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುವುದು) ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ತಲೆಗೊಂದು ಪುಸ್ತಕ ಅಂದರೆ ಹನ್ನೆರಡು ಮಕ್ಕಳಿಗೆ ಖರ್ಚು ಏರುತ್ತದೆ. ಸ್ಕೂಲಿನವರು ಒಂದಕ್ಕೇ ದುಡ್ಡು ಕೊಡುತ್ತೇವೆ ಅಂದರೆ ಎರಡು ಒಳ್ಳೆಯ ಹಾಡಿನ ಸೆಟ್ ತಗೊಳ್ಳಿ, ಪುಸ್ತಕ ಮುಂದಿನ ವರ್ಷ ನೋಡೋಣ.

ಎರಡನೇ ಹಾಡಾಗಿ ನಾನು ಆರಿಸಿದ್ದು 'ಸೋ ವಾಟ್'. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್, 1959, 'ಕೈಂಡ್ ಆಫ್ ಬ್ಲೂ' ಆಲ್ಬಮ್ಮಿನ ಮೊದಲ ಹಾಡು. ಇದರಲ್ಲಿ ಧಾಟಿ ನುಡಿಸುವುದು ಬೇಸ್. ಉಳಿದವರೆಲ್ಲ ಎರಡು ಕಾರ್ಡಿನಲ್ಲಿ ಉತ್ತರ ಕೊಡುತ್ತಾರೆ. ನಮ್ಮ ಬೇಸ್ ಹುಡುಗಿ ಅಲ್ಲಿಯವರೆಗೆ ಹಿಂದೆ ನಿಂತು ಆಂಪ್ಲಿಫಯರ್ ಪಕ್ಕ ಕಾಣದಂತೆ ಇದ್ದವಳು. ಈಗ ಅವಳು ಕೇಳದೆ ಯಾರೂ ಉತ್ತರಿಸುವಂತಿಲ್ಲ.

ರೂಪವೂ ಸರಳ. 32 ಬಾರಿನ ಸುತ್ತು. ಮೊದಲ 16 ಡಿ ಡೋರಿಯನ್, ಮುಂದಿನ 8 ಅದೇ ಸಂಗತಿ ಅರ್ಧ ಮನೆ ಮೇಲೆ ಇ ಫ್ಲಾಟಿನಲ್ಲಿ, ಕೊನೆಯ 8 ಮತ್ತೆ ಡಿ. ಡೋರಿಯನ್ ಅಂದರೆ ನಮ್ಮ ಖರಹರಪ್ರಿಯದ ಸ್ವರಗಳೇ. ಪಿಟೀಲು ಕಲಿಯುವ ಏಳನೇ ಕ್ಲಾಸಿನ ಹುಡುಗಿಗೆ ಅಷ್ಟು ಹೇಳಿದ್ದೇ ತಡ, ಕಣ್ಣು ಮುಚ್ಚಿ ಸೋಲೊ, ಒಬ್ಬಳೇ ತನಗೆ ತೋಚಿದ್ದನ್ನು ನುಡಿಸುವುದು, ಶುರು ಮಾಡಿದಳು. ಮೊದಲ ಸಲ ಗಮಕ ತುಂಬಿ ತುಳುಕಿತು, ಪೂರ್ತಿ ಕಚೇರಿಯೇ. ಗಮಕ ಕಮ್ಮಿ ಮಾಡು, ನಡುವೆ ಜಾಗ ಬಿಡು ಅಂದೆ. ಎರಡನೇ ಸಲ ಮೂರು ಸ್ವರ ನುಡಿಸಿ ನಿಲ್ಲಿಸಿದಳು. ಡ್ರಮ್ಸ್ ಹುಡುಗ ಆ ಬಿಡುವಿನಲ್ಲಿ ಸಿಂಬಲ್ ಮೇಲೆ ಏನೋ ಉತ್ತರ ಹೇಳಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅದನ್ನು ಯಾವ ಸೆಟ್‌ನಲ್ಲೂ ಬರೆದಿರಲಿಲ್ಲ.

ಊದುವವರಿಗೆ ಇದು ಅಷ್ಟು ಸಲೀಸಲ್ಲ ಅನ್ನುವುದನ್ನೂ ಹೇಳಬೇಕು. ಕೀಬೋರ್ಡಿನವನಿಗೆ ಡಿ ಡೋರಿಯನ್ ಬರೀ ಬಿಳಿ ಮನೆ. ಆಲ್ಟೊಗೆ ಅದೇ ಮೂರು ಶಾರ್ಪ್ (ಅರ್ಧ ಮನೆ ಏರಿಸಿದ ಸ್ವರ), ಟ್ರಂಪೆಟ್‌ಗೆ ಎರಡು. ಇ ಫ್ಲಾಟಿಗೆ ಹೋದಾಗ ಕತೆ ಉಲ್ಟಾ. ಕೀಬೋರ್ಡಿಗೆ ಐದು ಫ್ಲಾಟ್ (ಅರ್ಧ ಮನೆ ಇಳಿಸಿದ ಸ್ವರ), ಆಲ್ಟೊಗೆ ಎರಡೇ. ಹಾಗಾಗಿ ಸೋಲೊ ಹಂಚುವಾಗ ಕೀಬೋರ್ಡ್, ಪಿಟೀಲಿಗೆ ಡಿ ಭಾಗ ಕೊಟ್ಟೆ, ನಡುವಿನ ಎಂಟು ಬಾರ್ ಆಲ್ಟೊಗೆ. ಯಾರಿಗೂ ಅನ್ಯಾಯ ಅನ್ನಿಸಲಿಲ್ಲ.

ಸೋಲೊ ಅಂದ ಕೂಡಲೇ ಮಕ್ಕಳು ಹೆದರುತ್ತಾರೆ. ಒಳ್ಳೆಯ ಆರಂಭದ ಸೆಟ್‌ಗಳಲ್ಲಿ ಕಾರ್ಡ್ ಹೆಸರಿನ ಜೊತೆಗೆ ಒಂದು ಮಾದರಿ ಸೋಲೊವನ್ನೂ ಬರೆದು ಕೊಟ್ಟಿರುತ್ತಾರೆ. ಮೊದಲು ಅದನ್ನು ಹಾಗೇ ನುಡಿಸಲಿ. ಆಮೇಲೆ ಅದರ ಕೊನೆಯ ಎರಡು ಬಾರ್ ಮಾತ್ರ ನಿನ್ನಿಷ್ಟ ಅನ್ನಿ. ಕಲ್ಪನಾಸ್ವರ ಕಲಿತ ಮಕ್ಕಳಿಗೆ ಈ ದಾರಿ ಹೊಸದೇನಲ್ಲ.

ಡ್ರಮ್ಸ್ ಪುಟ ನೋಡದೆ ಸೆಟ್ ಕೊಳ್ಳಬೇಡಿ. ಕೆಲವು ಸೆಟ್‌ನಲ್ಲಿ ಮೊದಲ ನಾಲ್ಕು ಬಾರ್ ಬರೆದು, ಉಳಿದದ್ದಕ್ಕೆ ಬರೀ ಓರೆಗೆರೆ ಎಳೆದು 'ಸ್ವಿಂಗ್' ಅಂತ ಹಾಕಿ ಕೈ ತೊಳೆದುಕೊಂಡಿರುತ್ತಾರೆ. ದೊಡ್ಡವರಿಗೆ ಅದು ಸಾಕು. ರಾಕ್ ಬೀಟ್ ಬಿಟ್ಟು ಬೇರೆ ಗೊತ್ತಿಲ್ಲದ ಹುಡುಗನಿಗೆ ರೈಡ್ ಸಿಂಬಲ್ ಏನು ಹೇಳಬೇಕು, ಎಡಗಾಲಿನ ಹೈ-ಹ್ಯಾಟ್ (ಸಿಂಬಲ್ ಜೋಡಿ) ಎರಡು ನಾಲ್ಕಕ್ಕೆ ಹೇಗೆ ಮುಚ್ಚಬೇಕು, ಊದುವವರ ಜೋರು ಪೆಟ್ಟು ಎಲ್ಲಿ ಬರುತ್ತದೆ, ಎಲ್ಲ ಬರೆದಿರಬೇಕು. ಎಳೆಯ ಬ್ಯಾಂಡ್ ಚೆನ್ನಾಗಿ ಕೇಳಿಸುವುದೂ ಕೆಡುವುದೂ ಈ ಒಬ್ಬ ಹುಡುಗನ ಮೇಲೆ.

ಇನ್ನು ಕೊಳ್ಳುವ ವಿಚಾರ. ಬಳೇಪೇಟೆಗೆ ಹೋದರೆ ವಾದ್ಯ ಸಿಗುತ್ತದೆ, ಸ್ಯಾಕ್ಸಿನ ಪ್ಯಾಡ್ ಹೋದರೆ ರಿಪೇರಿಯೂ ಆಗುತ್ತದೆ. ಜಾಝ್ ಬ್ಯಾಂಡಿನ ಸೆಟ್ ಮಾತ್ರ ಸಿಗುವುದಿಲ್ಲ. ದೊಡ್ಡ ಮ್ಯೂಸಿಕ್ ಅಂಗಡಿಗಳಲ್ಲಿ ಪರೀಕ್ಷೆಗೆ ಬೇಕಾದ ಪಿಯಾನೊ, ಗಿಟಾರ್ ಗ್ರೇಡ್ ಪುಸ್ತಕಗಳೇ ಸಾಲು ಸಾಲು. ಒಂದು ಅಂಗಡಿಯಲ್ಲಿ ಆರ್ಡರ್ ತಗೊಂಡು, ಅಡ್ವಾನ್ಸ್ ಇಸ್ಕೊಂಡು, ಎರಡು ತಿಂಗಳಾದ ಮೇಲೆ ತಂದು ಕೊಟ್ಟದ್ದು ಒಂಟಿ ಸ್ಯಾಕ್ಸ್ ಪುಸ್ತಕ. "ಜಾಝ್ ಅಂದ್ರಲ್ಲ ಮೇಡಂ, ಇದೂ ಜಾಝೇ" ಅಂದರು. ಅಡ್ವಾನ್ಸ್ ವಾಪಸ್ ಬಂತು, ಟರ್ಮ್ ವಾಪಸ್ ಬರಲಿಲ್ಲ.

ನೇರ ಪಿಡಿಎಫ್ ಕೊಳ್ಳುವುದೇ ವಾಸಿ. ಮಕ್ಕಳ ಸೆಟ್ ಒಂದಕ್ಕೆ 50 ಡಾಲರ್ ಆಸುಪಾಸು. ಕೊರಿಯರ್ ಖರ್ಚಿಲ್ಲ, ಕಾಯುವುದಿಲ್ಲ. ಅಚ್ಚಾದ ಸೆಟ್‌ನ ಹಾಳೆ ನಮ್ಮ ಎ4ಗಿಂತ ದೊಡ್ಡದು ಇರುತ್ತದೆ, ಅದನ್ನು ಮೂಲೆ ಝೆರಾಕ್ಸ್ ಅಂಗಡಿಯಲ್ಲಿ ಎ4ಗೆ ಇಳಿಸಿದರೆ ಸ್ವರ ಇರುವೆಯಷ್ಟಾಗುತ್ತದೆ. ಪಿಡಿಎಫ್ ಆದರೆ ಎ3ಯಲ್ಲೇ ಪ್ರಿಂಟ್ ತೆಗೆಸಬಹುದು. ಇಬ್ಬರು ಒಂದು ಸ್ಟ್ಯಾಂಡಿನಲ್ಲಿ ನೋಡುವ ಕಡೆ ಅದು ಬೇಕೇ ಬೇಕು.

"ನೆಟ್‌ನಲ್ಲಿ ಫ್ರೀ ಸಿಗತ್ತಲ್ಲ" ಅಂತ ಆಫೀಸಿನವರು ಕೇಳಿಯೇ ಕೇಳುತ್ತಾರೆ. ನಮ್ಮ ದೇಶದ ಕಾನೂನಿನಲ್ಲಿ ರಚನೆಕಾರ ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ. ಎಲಿಂಗ್ಟನ್ ತೀರಿಕೊಂಡದ್ದು 1974ರಲ್ಲಿ. ಲೆಕ್ಕ ಹಾಕಿ. ಕೊಂಡ ಸೆಟ್ ಕೂಡ ಕೊಂಡವರ ಬ್ಯಾಂಡಿಗೆ ಮಾತ್ರ. ಹಾಗಾಗಿ ದಯವಿಟ್ಟು ನನ್ನ ಹತ್ತಿರ ಝೆರಾಕ್ಸ್ ಕೇಳಬೇಡಿ. ಕೊಡದಿದ್ದರೆ ಬೇಜಾರು ಮಾಡಿಕೊಳ್ಳುತ್ತೀರಿ.

ಕೆಲವು ಪೋಷಕರಿಗೆ ಜಾಝ್ ಅಂದರೆ ಏನೋ ದೂರದ್ದು, ಸ್ಟಾರ್ ಹೋಟೆಲಿನದ್ದು. ಅವರಿಗೆ ನಾನು ಕದ್ರಿ ಗೋಪಾಲನಾಥರ ಹೆಸರು ಹೇಳುತ್ತೇನೆ. ಸ್ಯಾಕ್ಸೊಫೋನ್ ಅಂದರೆ ಅವರ ಮುಖ ನೆನಪಾಗದ ಕನ್ನಡಿಗರು ಯಾರಿದ್ದಾರೆ? ಅದೇ ಗೋಪಾಲನಾಥರು ಅಮೆರಿಕದ ಜಾಝ್ ಆಲ್ಟೊ ವಾದಕ ರುದ್ರೇಶ್ ಮಹಂತಪ್ಪ ಅವರ ಜೊತೆ 2008ರಲ್ಲಿ 'ಕಿನ್ಸ್‌ಮೆನ್' ಆಲ್ಬಮ್ ಮಾಡಿದರು. ಅದಕ್ಕೂ ಮುಂಚೆ, 1983ರಲ್ಲಿ, ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರು ಸ್ಯಾಕ್ಸ್ ವಾದಕ ಚಾರ್ಲಿ ಮರಿಯಾನೊ ಜೊತೆ 'ಜ್ಯೋತಿ' ಹೊರತಂದರು. ಆರ್. ಎ. ರಮಾಮಣಿಯವರ ಹಾಡುಗಾರಿಕೆ, ಟಿ. ಎ. ಎಸ್. ಮಣಿಯವರ ಮೃದಂಗ. ಮಕ್ಕಳಿಗೆ ಇವೆರಡನ್ನೂ ಕೇಳಿಸಿ. ನುಡಿಸಲು ಅಲ್ಲ, ಅದು ಅವರ ಮಟ್ಟಕ್ಕೆ ಬಹಳ ದೂರ. ಸ್ಯಾಕ್ಸ್ ಹುಡುಗಿಯ ಅಜ್ಜಿ ಮಾತ್ರ ಗೋಪಾಲನಾಥರ ರೆಕಾರ್ಡಿಂಗ್ ಕೇಳಿದ ಮೇಲೆ ಮನೆಯಲ್ಲಿ ಪ್ರಾಕ್ಟೀಸ್ ಮಾಡುವಾಗ ಬಾಗಿಲು ಹಾಕಿಕೋ ಅನ್ನುವುದನ್ನು ನಿಲ್ಲಿಸಿದ್ದಾರಂತೆ.

ಡಿಸೆಂಬರಿನ ಆನ್ಯುವಲ್ ಡೇಗೆ ಈಗ ಆರಿಸಬೇಕಾದವರು ಹೀಗೆ ಮಾಡಬಹುದು. ಒಂದು ಬ್ಲೂಸ್, ಅದೂ ಎರಡು ಮೂರು ಸ್ವರದ ಧಾಟಿ ಇರುವುದು. ಒಂದು ನಿಧಾನ ಲಯದ ಡೋರಿಯನ್ ಹಾಡು. ಮೂರನೆಯದಾಗಿ ಪ್ರಿನ್ಸಿಪಾಲ್ ಮೇಡಂ ಖುಷಿಗೆ ಕನ್ನಡ ಹಾಡೊಂದು. ಅದಕ್ಕೆ ಸೆಟ್ ಸಿಗುವುದಿಲ್ಲ, ನೀವೇ ಬರೆಯಬೇಕು. ಬರೆಯುವಾಗ ಆಲ್ಟೊ ಪುಟ ಬೇರೆ, ಟ್ರಂಪೆಟ್ ಪುಟ ಬೇರೆ ಶ್ರುತಿಗೆ ಇಳಿಸಲು ಮ್ಯೂಸ್‌ಸ್ಕೋರ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಒಂದು ಗುಂಡಿ ಒತ್ತಿದರೆ ಆಯಿತು. ಟೆನರ್ ಹುಡುಗನಿಗೆ ಎರಡು ಬಾರ್ ಧಾಟಿ ಬರೆಯೋದನ್ನು ಮಾತ್ರ ಮರೆಯಬೇಡಿ.